ಎಂಐಟಿ ಪರವಾನಗಿಯ ಕೆಳಗೊಂದು ಸಾಲು

ನಮಸ್ಕಾರ. ಇಂಗ್ಲಿಷಿನವರಿಗೆ ಒಂದು ಕಷ್ಟವಿದೆ. ಅವರ 'ಫ್ರೀ' ಎಂಬ ಮಾತು ಬಿಟ್ಟಿಗೂ ಆಗುತ್ತದೆ, ಬಿಡುಗಡೆಗೂ ಆಗುತ್ತದೆ. ನಮ್ಮಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಆದರೂ 'ಫ್ರೀ ಸಾಫ್ಟ್‌ವೇರ್' ಎಂದು ಕಂಡಲ್ಲೆಲ್ಲ 'ಉಚಿತ ತಂತ್ರಾಂಶ' ಎಂದು ಬರೆದು, ಅವರ ಗೊಂದಲವನ್ನು ಕೈಯಾರೆ ಮನೆಗೆ ತಂದುಕೊಂಡಿದ್ದೇವೆ.

ಹೋದ ತಿಂಗಳು ಒಬ್ಬ ಹುಡುಗ ತಾನು ಬರೆದ ಪರಿವರ್ತಕವನ್ನು ತೋರಿಸಿದ. ಹಳೆಯ ಕನ್ನಡ ಫಾಂಟುಗಳ ಬರಹವನ್ನು ಯೂನಿಕೋಡ್‌ಗೆ ತಿರುಗಿಸುವ ಪುಟ್ಟ ತಂತ್ರಾಂಶ. ಕೋಡ್ ಪೂರ್ತಿ ಬಯಲಿನಲ್ಲಿದೆ. ಯಾರು ಹೇಗೆ ಬಳಸಬಹುದೆಂದು ಹೇಳುವ ಲೈಸೆನ್ಸ್ ಫೈಲ್ ತೆರೆದೆ. ಹೆಚ್ಚು ಕಟ್ಟುಪಾಡಿಲ್ಲದೆ ಬಳಸಲು ಬಿಡುವ ಎಂಐಟಿ ಪರವಾನಗಿಯ ಪಠ್ಯ, ಅದರ ಕೆಳಗೆ ಅವನದೇ ಒಂದು ಸಾಲು: 'ವಾಣಿಜ್ಯ ಬಳಕೆಗೆ ಅವಕಾಶವಿಲ್ಲ.'

"ಹಾಗಾದರೆ ಇದು ಮುಕ್ತ ತಂತ್ರಾಂಶವಲ್ಲ" ಎಂದೆ. ಹುಡುಗನ ಮುಖ ಸಣ್ಣದಾಯಿತು. "ಕೋಡ್ ಕೊಟ್ಟಿದ್ದೇನಲ್ಲ ಸಾರ್? ದೊಡ್ಡ ಕಂಪನಿಯವರು ಎತ್ತಿಕೊಂಡು ಹೋಗಬಾರದೆಂದು ಹಾಕಿದೆ, ಅಷ್ಟೇ."

ದೊಡ್ಡ ಕಂಪನಿಗೆ ಇಂಥದ್ದನ್ನು ಬರೆಸಿಕೊಳ್ಳಲು ಒಂದು ವಾರ ಸಾಕು. ಸಿಕ್ಕಿಬೀಳುವುದು ಬಸ್ ನಿಲ್ದಾಣದ ಪಕ್ಕದ ಡಿಟಿಪಿ ಅಂಗಡಿಯಾಕೆ. ಪುಟಕ್ಕಿಷ್ಟು ಎಂದು ಹಣ ಪಡೆದು ಲಗ್ನಪತ್ರಿಕೆ ಮಾಡಿಕೊಡುವುದೂ ವಾಣಿಜ್ಯವೇ ತಾನೇ?

ಮುಕ್ತ ತಂತ್ರಾಂಶಕ್ಕೆ ಬೇಕೆಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಸಂಸ್ಥೆ ಹೇಳುವ ನಾಲ್ಕು ಸ್ವಾತಂತ್ರ್ಯಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಆ ಸೊನ್ನೆಯದು, ಯಾವ ಉದ್ದೇಶಕ್ಕಾದರೂ ಬಳಸುವ ಸ್ವಾತಂತ್ರ್ಯ. ಉದ್ದೇಶಕ್ಕೆ ಬೇಲಿ ಹಾಕಿದರೆ ಕೋಡ್ ತೋರಿಸಿಯೂ ಪ್ರಯೋಜನವಿಲ್ಲ. ಮಾರಾಟದ ಬಗ್ಗೆ ಆ ಸಂಸ್ಥೆಗೆ ಮಡಿವಂತಿಕೆ ಇರಲೇ ಇಲ್ಲ. ಅದನ್ನು ಕಟ್ಟಿದ ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಈಮ್ಯಾಕ್ಸ್ ಎಂಬ ತಮ್ಮ ಮುಕ್ತ ಪಠ್ಯ ಸಂಪಾದಕದ ಟೇಪುಗಳನ್ನು ತಲಾ 150 ಡಾಲರಿಗೆ ಮಾರುತ್ತಿದ್ದರು.

ಈ ಹುಡುಗನಿಗಿಂತ ಮೊದಲೇ ಅಮೆರಿಕದ ಪ್ರೋಗ್ರಾಮರ್ ಡಗ್ಲಸ್ ಕ್ರಾಕ್‌ಫರ್ಡ್ ಇದೇ ಎಂಐಟಿ ಪಠ್ಯಕ್ಕೆ ಒಂದು ಸಾಲು ಸೇರಿಸಿದ್ದರು: ಈ ತಂತ್ರಾಂಶವನ್ನು ಒಳಿತಿಗೆ ಬಳಸಬೇಕು, ಕೆಡುಕಿಗಲ್ಲ. ಓದಲು ಎಷ್ಟು ಚೆನ್ನಾಗಿದೆ! ಆದರೆ ಕೆಡುಕು ಯಾವುದೆಂದು ತೀರ್ಮಾನಿಸುವವರು ಯಾರು? ಫೌಂಡೇಶನ್ ಅದನ್ನು ಮುಕ್ತವಲ್ಲದ ಪಟ್ಟಿಗೆ ಸೇರಿಸಿತು. 2023ರಲ್ಲಿ ಮೆಟಾ 'ಓಪನ್ ಸೋರ್ಸ್' (ಮುಕ್ತ ಆಕರ) ಎಂದು ಡಂಗುರ ಸಾರಿದ ಲಾಮಾ 2 ಎಂಬ ಕೃತಕ ಬುದ್ಧಿಮತ್ತೆ ಮಾದರಿಯ ಕಥೆಯೂ ಅಷ್ಟೇ. ಬಿಡುಗಡೆಯ ಹೊತ್ತಿಗೆ ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿದ್ದ ಕಂಪನಿಗಳು ಬೇರೆಯೇ ಅನುಮತಿ ಕೇಳಬೇಕು. ಅದರ ಜೊತೆಗೆ ಏನೇನು ಮಾಡಬಾರದು ಎಂಬ ಪಟ್ಟಿ ಬೇರೆ.

ಹಾಗೆಂದು, ತಿದ್ದಿ ಹಂಚುವವರೂ ಕೋಡ್ ಕೊಡಲೇಬೇಕೆನ್ನುವ ಜಿಪಿಎಲ್ ಪರವಾನಗಿ ಒಂದೇ ಮುಕ್ತ ಎಂದು ಹಟ ಹಿಡಿಯುವವರೂ ತಪ್ಪುತ್ತಾರೆ. ಸಾಲು ಸೇರಿಸದ ಬರಿಯ ಎಂಐಟಿ, ಅದರಂಥದೇ ಬಿಎಸ್‌ಡಿ ಪರವಾನಗಿ ಕೂಡ ಮುಕ್ತವೇ. ಕಂಪನಿ ಎತ್ತಿಕೊಂಡು ಹೋಗುವ ಭಯವಿದ್ದವರಿಗೆ ಎಜಿಪಿಎಲ್ ಎಂಬ ಪರವಾನಗಿ ಇದೆ: ಬಳಸು, ಮಾರು, ಆದರೆ ತಿದ್ದಿ ಹಂಚಿದರೆ ಅಥವಾ ಜಾಲದ ಮೂಲಕ ಸೇವೆಯಾಗಿ ಕೊಟ್ಟರೆ, ತಿದ್ದಿದ ಕೋಡನ್ನು ಬಳಸುವವರಿಗೆ ಕೊಡು.

ನಿನ್ನೆ ಹುಡುಗ ಫೋನ್ ಮಾಡಿದ್ದ. "ಎಜಿಪಿಎಲ್ ಹಾಕಿದರೆ ಆ ಅಂಗಡಿಯಾಕೆ ಗಿರಾಕಿಗಳಿಗೆಲ್ಲ ಕೋಡ್ ಕೊಡಬೇಕೇ ಸಾರ್?"

ಬೇಡಪ್ಪ. ಆಕೆ ಕೊಡುವುದು ಲಗ್ನಪತ್ರಿಕೆ.