ಬೆಳೆದ ಕೂಸಿಗೆ ಕುಲಾವಿ

ನಮಸ್ಕಾರ, ಕೇಳುಗರೇ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದರು ಎಂದು ಆಡಿಕೊಳ್ಳುತ್ತೇವಲ್ಲ, ಇವತ್ತಿನ ವಿಷಯ ಅದಕ್ಕೆ ತಿರುವುಮುರುವು. ಕೂಸು ಹುಟ್ಟಿ, ಬೆಳೆದು, ಮೂವತ್ತೈದು ವರ್ಷವಾದ ಮೇಲೆ ಅದರ ಕುಲಾವಿ ಹೊಲಿಯಲು ಕೂತರೆ ಹೇಗಿರುತ್ತದೆ? ಹಳೆಯ ಫೋಟೋ ನೋಡಿ ಅಳತೆ ತೆಗೆಯಬೇಕು. ಹೊಲಿಯುವಾಗ ನೆಂಟರೆಲ್ಲ ಸುತ್ತ ಕೂತು ‘ಆಗ ತಲೆ ಅಷ್ಟು ದೊಡ್ಡದಿರಲಿಲ್ಲ’, ‘ಆ ಬಣ್ಣ ಆಗ ಸಿಗುತ್ತಲೇ ಇರಲಿಲ್ಲ’ ಎಂದು ತಕರಾರು ತೆಗೆಯುತ್ತಾರೆ. ವಿಜ್ಞಾನ ಕಥೆಯ ಲೋಕದಲ್ಲಿ ಇಂಥ ಕುಲಾವಿಗೆ ಪ್ರೀಕ್ವೆಲ್, ಅಂದರೆ ಪೂರ್ವಕಥೆ, ಎಂದು ಹೆಸರು. ನೆಂಟರಿಗೆ ಅಭಿಮಾನಿಗಳು ಎಂದು ಹೆಸರು.

ಅಮೆರಿಕದ ಟಿವಿಯಲ್ಲಿ ‘ಸ್ಟಾರ್ ಟ್ರೆಕ್’ ಹುಟ್ಟಿದ್ದು 1966ರಲ್ಲಿ. ಕ್ಯಾಪ್ಟನ್ ಕರ್ಕ್, ಉದ್ದ ಕಿವಿಯ ಸ್ಪಾಕ್, ಎಂಟರ್‌ಪ್ರೈಸ್ ಎಂಬ ನೌಕೆ, ಇಪ್ಪತ್ಮೂರನೇ ಶತಮಾನ. 2001ರ ಸೆಪ್ಟೆಂಬರ್ 26ರಂದು ಯುಪಿಎನ್ ವಾಹಿನಿಯಲ್ಲಿ ಆ ಕಥೆಗೂ ನೂರು ವರ್ಷ ಹಿಂದಿನ ಕಥೆ ಶುರುವಾಯಿತು. ಹೆಸರು ಬರೀ ‘ಎಂಟರ್‌ಪ್ರೈಸ್’. ಕಟ್ಟಿದವರು ರಿಕ್ ಬರ್ಮನ್ ಮತ್ತು ಬ್ರ್ಯಾನನ್ ಬ್ರಾಗಾ. 2151ನೇ ಇಸವಿ, ಬೆಳಕನ್ನು ಮೀರಿದ ವಾರ್ಪ್ 5 ವೇಗಕ್ಕೆಂದು ಮನುಷ್ಯರು ಕಟ್ಟಿದ ಮೊದಲ ನೌಕೆ ಎನ್‌ಎಕ್ಸ್-01, ಅದರ ಕ್ಯಾಪ್ಟನ್ ಜೊನಾಥನ್ ಆರ್ಚರ್, ಪಾತ್ರಧಾರಿ ಸ್ಕಾಟ್ ಬಕುಲಾ. ಎಂಜಿನ್ ರೂಪಿಸಿದ್ದು ಆರ್ಚರನ ತಂದೆ. ನಾಲ್ಕು ಸೀಸನ್, 98 ಕಂತು ನಡೆದು 2005ರ ಮೇ 13ರಂದು ಮುಗಿಯಿತು. ಜಗಳ ಮಾತ್ರ ಮುಗಿದಿಲ್ಲ.

ಜಗಳದಲ್ಲಿ ಮೊದಲು ಬರುವುದು ಲೆಕ್ಕ. ಮೊದಲ ಕಂತು ‘ಬ್ರೋಕನ್ ಬೋ’ನಲ್ಲಿ ಆರ್ಚರ್ ಮತ್ತು ಎಂಜಿನಿಯರ್ ಟ್ರಿಪ್ ಟಕರ್ ಹೊಸ ನೌಕೆಯ ಸುತ್ತ ಸಣ್ಣ ಪಾಡ್‌ನಲ್ಲಿ ಸುತ್ತುತ್ತಾರೆ. ವಾರ್ಪ್ ನಾಲ್ಕೂವರೆ ವೇಗ ಎಂದು ಒಬ್ಬ ಹೇಳಿದರೆ, ನೆಪ್ಚೂನ್‌ಗೆ ಹೋಗಿ ಬರಲು ಆರು ನಿಮಿಷ ಎಂದು ಇನ್ನೊಬ್ಬ ಹೇಳುತ್ತಾನೆ. ಹಳೆಯ ಸರಣಿಯ ಸೂತ್ರದ ಪ್ರಕಾರ ವಾರ್ಪ್ ಸಂಖ್ಯೆಯನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿದರೆ, ಅಂದರೆ ಘನ ತೆಗೆದರೆ, ಬೆಳಕಿನ ಎಷ್ಟು ಪಟ್ಟು ವೇಗ ಎಂಬುದು ಸಿಗುತ್ತದೆ. ನಾಲ್ಕೂವರೆಯನ್ನು ಹಾಗೆ ಗುಣಿಸಿದರೆ ಸುಮಾರು 91. ಇಲ್ಲಿಂದ ನೆಪ್ಚೂನ್‌ಗೆ ಬೆಳಕು ತಲುಪಲು ನಾಲ್ಕು ಗಂಟೆಗೆ ಸ್ವಲ್ಪ ಮೇಲೆ, ಹೋಗಿ ಬರಲು 500 ನಿಮಿಷ. 91ರಿಂದ ಭಾಗಿಸಿ ನೋಡಿ: ಐದೂವರೆ ನಿಮಿಷ. ಬರೆದವರು ಕಾಗದದ ಮೇಲೆ ಲೆಕ್ಕ ಹಾಕಿಯೇ ಬರೆದಿದ್ದಾರೆ.

ಅದೇ ಕಂತಿನಲ್ಲಿ ಸ್ವಲ್ಪ ಮುಂದೆ, ಕ್ಲಿಂಗಾನ್ ಎಂಬ ಅನ್ಯಗ್ರಹದ ಜನಾಂಗದ ಗಾಯಾಳು ಒಬ್ಬನನ್ನು ಅವನ ಗ್ರಹಕ್ಕೆ ಬಿಟ್ಟುಬರಲು ಎಷ್ಟು ದಿನ? ಹೋಗಲು ನಾಲ್ಕು, ಬರಲು ನಾಲ್ಕು. 91 ಪಟ್ಟು ವೇಗದಲ್ಲಿ ನಾಲ್ಕು ದಿನ ಎಂದರೆ ಬೆಳಕಿಗೆ 364 ದಿನದ ದಾರಿ. ಅಂದರೆ ಕ್ಲಿಂಗಾನ್ ಸಾಮ್ರಾಜ್ಯದ ರಾಜಧಾನಿ ನಮ್ಮಿಂದ ಒಂದೇ ಒಂದು ಜ್ಯೋತಿರ್ವರ್ಷ ದೂರ! ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವೇ ನಾಲ್ಕು ಜ್ಯೋತಿರ್ವರ್ಷಕ್ಕಿಂತ ಆಚೆ ಇದೆ. ಒಂದೂವರೆ ಗಂಟೆಯ ಕಂತಿನಲ್ಲಿ ಸರಿ ಲೆಕ್ಕವೂ ತಪ್ಪು ಲೆಕ್ಕವೂ ಅಕ್ಕಪಕ್ಕ ಕೂತಿವೆ. ಹಳಬರು ಇದನ್ನು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕಿಂತ ದೊಡ್ಡ ತಕರಾರು ಹಿಂದೆ ಹೇಳಿದ ಮಾತಿಗೆ ಈಗಿನದು ಹೊಂದುವುದಿಲ್ಲ ಎಂಬುದು. ಅಭಿಮಾನಿಗಳ ಭಾಷೆಯಲ್ಲಿ ಕ್ಯಾನನ್ ಭಂಗ. ಆರೋಪಿಗಳು ಮೂವರು. ಮೊದಲನೆಯವರು ದುಡ್ಡಿನ ವ್ಯಾಮೋಹಿಗಳಾದ ಫೆರೆಂಗಿ. ಅವರನ್ನು ಮನುಷ್ಯರು ಕಾಣಬೇಕಾದದ್ದು ಇನ್ನೂರು ವರ್ಷ ತಡವಾಗಿ, ಇಲ್ಲಿ ಮೊದಲ ಸೀಸನ್‌ನಲ್ಲೇ ನೌಕೆ ದೋಚಲು ಬಂದುಬಿಟ್ಟರು. ಇನ್ನೊಬ್ಬರು ಅರೆ ಜೀವಿ, ಅರೆ ಯಂತ್ರವಾದ ಬೋರ್ಗ್, ಎರಡನೇ ಸೀಸನ್‌ನ ‘ರೀಜನರೇಶನ್’ ಕಂತಿನಲ್ಲಿ ಉತ್ತರ ಧ್ರುವದ ಹಿಮದಡಿ ಸಿಕ್ಕವರು. ಮೂರನೆಯವರು ಹಳೆಯ ಸರಣಿಯ ಶತ್ರುಗಳಾದ ರೊಮುಲನ್ನರು, ‘ಮೈನ್‌ಫೀಲ್ಡ್’ ಕಂತಿನಲ್ಲಿ.

ಮೂವರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಅನ್ಯಾಯ. ಫೆರೆಂಗಿಗಳು ತಮ್ಮ ಹೆಸರನ್ನು ಎಲ್ಲೂ ಹೇಳಲಿಲ್ಲ, ಆದ್ದರಿಂದ ತಪ್ಪಿಲ್ಲ ಎಂಬ ಸಮಜಾಯಿಷಿ ಇದೆ. ಕಳ್ಳ ಮುಸುಕು ಹಾಕಿಕೊಂಡಿದ್ದ, ಆದ್ದರಿಂದ ಕಳ್ಳತನವೇ ನಡೆದಿಲ್ಲ ಎಂದಂತೆ ಇದು. ಬೋರ್ಗ್ ಕಂತು ಗಟ್ಟಿ. ಅವರು ಅಲ್ಲಿಗೆ ಬಂದದ್ದಕ್ಕೆ 1996ರ ಚಲನಚಿತ್ರ ‘ಫಸ್ಟ್ ಕಾಂಟ್ಯಾಕ್ಟ್’ನಲ್ಲಿ ಬಿದ್ದ ನೌಕೆಯ ಅವಶೇಷ ಕಾರಣ. ಅವರು ಕಳಿಸಿದ ಸಂದೇಶ ತಮ್ಮವರನ್ನು ತಲುಪಲು ಇನ್ನೂರು ವರ್ಷ ಬೇಕು. ಹಾಗಾಗಿ ಇಪ್ಪತ್ನಾಲ್ಕನೇ ಶತಮಾನದಲ್ಲಿ ಬೋರ್ಗ್ ನಮ್ಮತ್ತ ಯಾಕೆ ತಿರುಗಿದರು ಎಂಬುದಕ್ಕೆ ಒಂದು ಸುತ್ತು ಪೂರ್ತಿಯಾಗುತ್ತದೆ. ರೊಮುಲನ್ನರದು ಅರ್ಧ ತಪ್ಪು. ರೊಮುಲನ್ನರ ಮುಖವನ್ನು ಯಾರೂ ನೋಡಿರಲಿಲ್ಲ ಎಂದು 1966ರ ಕಂತು ಹೇಳಿತ್ತು. ಇಲ್ಲಿಯೂ ದನಿ ಮಾತ್ರ ಕೇಳುತ್ತದೆ, ಮುಖ ಕಾಣುವುದಿಲ್ಲ, ಅದು ಸರಿ. ಆದರೆ ನೌಕೆಯನ್ನು ಮಾಯ ಮಾಡುವ ವಿದ್ಯೆ ಕರ್ಕ್ ಮತ್ತು ಸ್ಪಾಕ್‌ಗೆ ಹೊಸತಾಗಿತ್ತು. ನೂರು ವರ್ಷ ಮೊದಲೇ ಆರ್ಚರನ ಕಣ್ಣೆದುರು ಅದು ನಡೆದರೆ ಸ್ಪಾಕ್‌ನ ಬೆರಗಿಗೆ ಅರ್ಥ ಉಳಿಯುವುದಿಲ್ಲ.

ಇಷ್ಟಾದರೂ, ಸರಣಿ ಸೊರಗಿದ್ದು ಕ್ಯಾನನ್ ಭಂಗದಿಂದ ಎಂದು ನಂಬುವುದು ಕಷ್ಟ. ತಾಳಮದ್ದಳೆಗೆ ಕೂತವರಿಗೆ ಕರ್ಣ ಸಾಯುತ್ತಾನೆ ಎಂಬುದು ಗೊತ್ತೇ ಇರುತ್ತದೆ. ಅರ್ಥಧಾರಿ ಪದ್ಯದ ಚೌಕಟ್ಟು ಬಿಡದೆ ಒಳಗೆ ಏನು ಬೆಳೆಸುತ್ತಾನೆ ಎಂದು ಕೇಳಲು ಬೆಳಗಿನ ತನಕ ಕೂರುತ್ತಾರೆ. ‘ಎಂಟರ್‌ಪ್ರೈಸ್’ಗೂ ಅಂಥ ಒಂದು ಚೌಕಟ್ಟು ಸಿಕ್ಕಿತ್ತು, ಅದೇ ‘ಇಲ್ಲ’ಗಳ ಚೌಕಟ್ಟು. ಈ ನೌಕೆಯಲ್ಲಿ ರಕ್ಷಣಾ ಕವಚ ಇಲ್ಲ, ಹೊರಮೈಯ ತಗಡಿಗೆ ವಿದ್ಯುತ್ ಹಾಯಿಸಿ ಗಟ್ಟಿ ಮಾಡಬೇಕು. ಸೆಳೆತದ ಕಿರಣ ಇಲ್ಲ, ತಂತಿಯ ತುದಿಗೆ ಕೊಕ್ಕೆ. ಭಾಷಾಂತರ ಯಂತ್ರ ಅರೆಬೆಂದದ್ದು, ಅದಕ್ಕೇ ಹೋಷಿ ಸಾಟೋ ಎಂಬ ಭಾಷಾತಜ್ಞೆ ಬೇಕು. ಜನರನ್ನು ಸಾಗಿಸುವ ಟ್ರಾನ್ಸ್‌ಪೋರ್ಟರ್ ಇದೆ, ಅದರ ಮೇಲೆ ನಿಲ್ಲಲು ಎಲ್ಲರಿಗೂ ಹೆದರಿಕೆ.

ಈ ‘ಇಲ್ಲ’ಗಳನ್ನು ನಂಬಿ ಬರೆದ ಕಂತುಗಳು ಇವತ್ತಿಗೂ ನಿಲ್ಲುತ್ತವೆ. ‘ಫೈಟ್ ಆರ್ ಫ್ಲೈಟ್’ನಲ್ಲಿ ಭಾಷಾಂತರ ಯಂತ್ರ ಕೈಕೊಡುತ್ತದೆ, ಶತ್ರು ಗುಂಡು ಹಾರಿಸುತ್ತಿರುವಾಗಲೇ ಹೋಷಿ ಆಗಷ್ಟೇ ಕಲಿತ ನಾಲ್ಕು ಪದ ಜೋಡಿಸಿ ಸಹಾಯ ಕೇಳಬೇಕು. ‘ಸ್ಟ್ರೇಂಜ್ ನ್ಯೂ ವರ್ಲ್ಡ್’ನಲ್ಲಿ ಬಿರುಗಾಳಿಯ ನಡುವೆ ಒಬ್ಬನನ್ನು ಟ್ರಾನ್ಸ್‌ಪೋರ್ಟರ್‌ನಿಂದ ಎತ್ತುತ್ತಾರೆ. ಮೇಲೆ ಬಂದಾಗ ಸುತ್ತ ಹಾರುತ್ತಿದ್ದ ಎಲೆ, ಕಸ ಅವನ ಚರ್ಮದೊಳಗೇ ಸೇರಿಕೊಂಡಿರುತ್ತದೆ. ಹಳೆಯ ಸರಣಿಯಲ್ಲಿ ಮಾಮೂಲಾಗಿದ್ದ ಯಂತ್ರವನ್ನು ಕಂಡು ಮೈ ಜುಮ್ಮೆನ್ನುವುದು ಆಗ. ತಪ್ಪಿತಸ್ಥ ಎಂದೆನಲ್ಲ, ಆ ‘ಮೈನ್‌ಫೀಲ್ಡ್’ ಕೂಡ ಈ ಸಾಲಿನದೇ. ನೌಕೆಯ ಹೊರಮೈಗೆ ಅಂಟಿದ ಸ್ಫೋಟಕವೊಂದು ಶಸ್ತ್ರಾಸ್ತ್ರ ಅಧಿಕಾರಿ ಮ್ಯಾಲ್ಕಮ್ ರೀಡ್‌ನ ಕಾಲಿಗೆ ಮೊಳೆ ಹೊಡೆದು ಅಲ್ಲೇ ಸಿಕ್ಕಿಸುತ್ತದೆ. ಬಿಡಿಸಲು ಆರ್ಚರ್ ತಾನೇ ಹೊರಗೆ ಹೋಗಬೇಕು, ಕಡೆಗೆ ಸ್ಫೋಟ ತಡೆಯಲು ಶಟಲ್‌ಪಾಡ್‌ನ ಬಾಗಿಲುಗಳೇ ಗುರಾಣಿ. ಹಿಂದಿನ ಸರಣಿಗಳಲ್ಲಾದರೆ ಟ್ರಾನ್ಸ್‌ಪೋರ್ಟರ್ ಒತ್ತಿ ಎರಡು ನಿಮಿಷದಲ್ಲಿ ಮುಗಿಸಬಹುದಾದ ಕೆಲಸ ಪೂರ್ತಿ ಕಂತಿಗೆ ಸಾಕಾಗಿದೆ.

ಬರೆಯುವವರು ಈ ದಾರಿಯಲ್ಲಿ ಬಹಳ ದಿನ ನಡೆಯಲಿಲ್ಲ. ಕೊಂಚ ಸಮಯದಲ್ಲೇ ‘ತಗಡಿನ ಬಲ ಶೇಕಡಾ 40ಕ್ಕೆ ಇಳಿದಿದೆ’ ಎಂಬ ಮಾತು ಕೇಳತೊಡಗಿತು. ‘ತಗಡು’ ತೆಗೆದು ‘ಕವಚ’ ಹಾಕಿದರೆ ಹಿಂದಿನ ಯಾವ ಸರಣಿಗಾದರೂ ಹೊಂದುವ ಸಂಭಾಷಣೆ ಅದು. ಹೋಷಿಯ ಯಂತ್ರ ಸರಿಹೋಯಿತು, ಅವಳಿಗೆ ಕೆಲಸ ಕಡಿಮೆಯಾಯಿತು. ಚುಕ್ಕಾಣಿ ಹಿಡಿದ ಟ್ರ್ಯಾವಿಸ್ ಮೇವೆದರ್ ಬಾಹ್ಯಾಕಾಶದ ಸರಕು ನೌಕೆಯಲ್ಲೇ ಹುಟ್ಟಿ ಬೆಳೆದವನು. ಅಂಥವನ ಬಾಯಿಗೆ ‘ಆಗಲಿ ಸರ್’ ಬಿಟ್ಟು ಬೇರೆ ಮಾತು ಅಪರೂಪವಾಯಿತು. ಸೋಂಕು ತೊಳೆಯುವ ಕೋಣೆಯಲ್ಲಿ ಒಳಉಡುಪಿನಲ್ಲಿ ಕೂತು ಒಬ್ಬರಿಗೊಬ್ಬರು ಜೆಲ್ ಹಚ್ಚುವ ದೃಶ್ಯಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟಿಪಾಲ್ ಎಂಬ, ಸ್ಪಾಕ್‌ನಂತೆ ವಲ್ಕನ್ ಜನಾಂಗದ ಅಧಿಕಾರಿಗೆ ಜೊಲೀನ್ ಬ್ಲೇಲಾಕ್ ಕೊಟ್ಟ ಗಾಂಭೀರ್ಯಕ್ಕೆ ಅದು ಅವಮಾನ.

ಇದೆಲ್ಲದರ ಮೇಲೆ ‘ಕಾಲಾಂತರದ ಶೀತಲ ಸಮರ’ ಎಂಬ ಹೊರೆ. ಭವಿಷ್ಯದಿಂದ ಬಂದ ಗುಂಪುಗಳು ಇತಿಹಾಸ ತಿರುಚಲು ಹೊಡೆದಾಡುತ್ತವೆ, ಅದಕ್ಕೆ ಸುಲಿಬಾನ್ ಎಂಬ ಜನ ದಾಳ. ಪೂರ್ವಕಥೆಗೆ ಇದು ಎಷ್ಟು ಹೊಂದದ ಕಸಿ ಎಂದರೆ, ‘ಆಗ ಹೇಗಿತ್ತು’ ಎಂದು ನೋಡಲು ಬಂದವನಿಗೆ ‘ಆಗಿನದು ಮುಖ್ಯವಲ್ಲ, ಮುಂದಿನವರು ಹೇಗೂ ಬದಲಿಸುತ್ತಾರೆ’ ಎಂದು ಬಾಗಿಲಲ್ಲೇ ಹೇಳಿದಂತೆ. ಹಿಂದೆ ನಿಂತು ಆಡಿಸುತ್ತಿದ್ದ ಆ ನೆರಳು ಮನುಷ್ಯ ಯಾರು ಎಂಬುದನ್ನು ಸರಣಿ ಕೊನೆಗೂ ಹೇಳಲಿಲ್ಲ.

ಆ ಹೊತ್ತಿಗೆ ನೋಡುಗರು ಚದುರುತ್ತಿದ್ದರು. ಮೊದಲ ರಾತ್ರಿ ಸುಮಾರು 1.25 ಕೋಟಿ ಜನ ನೋಡಿದ್ದ ಸರಣಿ ನಾಲ್ಕನೇ ಸೀಸನ್‌ನಲ್ಲಿ 30 ಲಕ್ಷದ ಆಸುಪಾಸಿಗೆ ಇಳಿಯಿತು. ನಡುವೆ ಮೂರನೇ ಸೀಸನ್‌ಗೆ ಹೆಸರಿನ ಮೊದಲಿಗೆ ‘ಸ್ಟಾರ್ ಟ್ರೆಕ್’ ಸೇರಿಸಿದರು, ಎಲ್ಲರೂ ಬೈಯುತ್ತಿದ್ದ ಶೀರ್ಷಿಕೆ ಗೀತೆಯ ತಾಳ ಚುರುಕು ಮಾಡಿದರು. ಹಾಡಂತೂ ಇನ್ನಷ್ಟು ಕೆಟ್ಟಿತು.

ಮೂರನೇ ಸೀಸನ್ ಮಾತ್ರ ಬೇರೆಯದೇ ಬಾಬತ್ತು. ಜಿಂಡಿ ಎಂಬ ಅಪರಿಚಿತರ ಅಸ್ತ್ರ ಫ್ಲಾರಿಡಾದಿಂದ ವೆನೆಜುವೆಲಾದವರೆಗೆ ಭೂಮಿಯನ್ನು ಸೀಳಿ 70 ಲಕ್ಷ ಜನರನ್ನು ಕೊಲ್ಲುತ್ತದೆ. 24 ಕಂತು ಪೂರ್ತಿ ಆ ಒಂದೇ ಬೇಟೆ. ಸರಣಿ ಶುರುವಾದದ್ದೇ ನ್ಯೂಯಾರ್ಕ್‌ನ ಗೋಪುರಗಳು ಬಿದ್ದ ಹದಿನೈದನೇ ದಿನ ಎಂಬುದನ್ನು ನೆನೆದರೆ ಈ ಕಥೆಯ ಬೇರು ಕಾಣುತ್ತದೆ. ಬಾಯಿ ಬಿಡಿಸಲು ಆರ್ಚರ್ ಒಬ್ಬ ಕಡಲ್ಗಳ್ಳನಂಥವನನ್ನು ಗಾಳಿ ತೆಗೆಯುವ ಕೋಣೆಗೆ ತಳ್ಳುತ್ತಾನೆ. ‘ಡ್ಯಾಮೇಜ್’ ಕಂತಿನಲ್ಲಿ ಏನೂ ತಪ್ಪು ಮಾಡದ ಇಲಿರಿಯನ್ನರ ನೌಕೆಯಿಂದ ವಾರ್ಪ್ ವೇಗಕ್ಕೆ ಬೇಕಾದ ಕಾಯಿಲನ್ನೇ ಕಿತ್ತುಕೊಳ್ಳುತ್ತಾನೆ, ಅವರಿಗೆ ಇನ್ನು ಮನೆ ಸೇರಲು ಮೂರು ವರ್ಷ. ಇದು ಸ್ಟಾರ್ ಟ್ರೆಕ್‌ನ ಆದರ್ಶಕ್ಕೆ ದ್ರೋಹ ಎಂದು ಒಂದು ಪಕ್ಷ. ಆದರ್ಶಗಳು ಇನ್ನೂ ಬರೆಯದಿದ್ದ ಕಾಲದ ಕಥೆ ಇದಲ್ಲವೇ, ಅವು ಯಾಕೆ ಬೇಕಾದವು ಎಂದು ತೋರಿಸಿದ್ದೇ ಇಲ್ಲಿ ಎಂದು ಇನ್ನೊಂದು ಪಕ್ಷ. ಎರಡನೆಯವರ ವಾದಕ್ಕೆ ತೂಕ ಹೆಚ್ಚು. ಇಲ್ಲೂ ಒಂದು ‘ಇಲ್ಲ’ ಕೆಲಸ ಮಾಡಿದೆ: ಹಿಡಿದು ನಿಲ್ಲಿಸುವ ನಿಯಮವೇ ಇಲ್ಲ.

ಅದೇ ಮಾತನ್ನು ಮೊದಲ ಸೀಸನ್‌ನ ‘ಡಿಯರ್ ಡಾಕ್ಟರ್’ಗೆ ಹೇಳಲಾಗದು. ವಂಶವಾಹಿ ರೋಗದಿಂದ ಒಂದು ಜನಾಂಗವೇ ಅಳಿಯುತ್ತಿದೆ, ಡಾಕ್ಟರ್ ಫ್ಲಾಕ್ಸ್ ಔಷಧ ಕಂಡುಹಿಡಿದಿದ್ದಾನೆ. ಆದರೂ ಕೊಡುವುದಿಲ್ಲ, ಅದೇ ಗ್ರಹದ ಇನ್ನೊಂದು ಜನಾಂಗದ ವಿಕಾಸಕ್ಕೆ ಅಡ್ಡಿಯಾದೀತು ಎಂದು. ವಿಕಾಸಕ್ಕೆ ಮೊದಲೇ ಗೊತ್ತುಮಾಡಿದ ಗುರಿ ಇದೆ ಎಂಬ ತಪ್ಪು ತಿಳಿವಳಿಕೆಯ ಮೇಲೆ ನಿಂತ ತೀರ್ಮಾನ ಇದು. ನಟನೆ ಚೆನ್ನಾಗಿದೆ, ಸಂಯಮ ಇದೆ, ಬುಡವೇ ಪೊಳ್ಳು. ಇದನ್ನು ಅತ್ಯುತ್ತಮ ಕಂತು ಎನ್ನುವವರೂ ಇದ್ದಾರೆ.

ನಾಲ್ಕನೇ ಸೀಸನ್‌ನಲ್ಲಿ ಮ್ಯಾನಿ ಕೋಟೋ ಕೈಗೆ ಚುಕ್ಕಾಣಿ ಬಂದ ಮೇಲೆ ಕುಲಾವಿ ಅಳತೆಗೆ ಬಂತು. ಎರಡು ಮೂರು ಕಂತಿನ ಕಥೆಗಳು. ಈ ಸರಣಿಯ ವಲ್ಕನ್ನರು ಯಾಕೆ ಸುಳ್ಳು ಹೇಳುವ, ಬೇಹುಗಾರಿಕೆ ಮಾಡುವ ಜನವಾಗಿ ಕಂಡರು ಎಂಬ ಮೂರು ವರ್ಷದ ದೂರಿಗೆ ‘ದಿ ಫೋರ್ಜ್’ನಿಂದ ಶುರುವಾಗುವ ಮೂರು ಕಂತು ಉತ್ತರ: ಅವರು ತಮ್ಮ ಗುರು ಸುರಾಕನ ಮೂಲ ಬೋಧನೆಯನ್ನೇ ಕಳೆದುಕೊಂಡಿದ್ದರು. ‘ಯುನೈಟೆಡ್’ನಲ್ಲಿ ಆಂಡೋರಿಯನ್ ಜನಾಂಗದ ಶ್ರಾನ್ ಮತ್ತು ಆರ್ಚರ್ ದ್ವಂದ್ವಯುದ್ಧಕ್ಕೆ ಇಳಿಯುತ್ತಾರೆ, ನಾಲ್ಕು ಜನಾಂಗ ಒಂದೇ ಮೇಜಿಗೆ ಬರುವ ಮೊದಲ ಹೆಜ್ಜೆ ಅಲ್ಲಿದೆ. ಶ್ರಾನ್ ಪಾತ್ರದ ಜೆಫ್ರಿ ಕೂಂಬ್ಸ್ ಇದ್ದ ಕಂತು ಕೆಟ್ಟದ್ದೇ ಇಲ್ಲ ಎಂಬುದರಲ್ಲಿ ಎರಡೂ ಪಕ್ಷಕ್ಕೆ ಒಮ್ಮತ. ಕ್ಲಿಂಗಾನರ ಹಣೆಯ ಏಣುಗಳು 1960ರ ದಶಕದಲ್ಲಿ ಯಾಕೆ ಇರಲಿಲ್ಲ ಎಂಬುದಕ್ಕೂ ವೈರಾಣುವಿನ ಕಾರಣ ಕೊಟ್ಟರು. ಆಗ ಮೇಕಪ್‌ಗೆ ದುಡ್ಡಿರಲಿಲ್ಲ ಎಂಬ ನಿಜ ಎಲ್ಲರಿಗೂ ಗೊತ್ತು, ಅದಕ್ಕೆ ಎರಡು ಕಂತು ಖರ್ಚು ಮಾಡಬೇಕಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಸರಿಹೋಗುವಷ್ಟರಲ್ಲಿ, 2005ರ ಫೆಬ್ರುವರಿಯಲ್ಲಿ, ರದ್ದಾದ ಸುದ್ದಿ ಬಂತು. ಅಭಿಮಾನಿಗಳು ಪ್ಯಾರಮೌಂಟ್ ಸ್ಟುಡಿಯೋ ಗೇಟಿನ ಮುಂದೆ ಫಲಕ ಹಿಡಿದು ನಿಂತರು. ಐದನೇ ಸೀಸನ್‌ಗೆಂದು ವಂತಿಗೆ ಎತ್ತಿದರು. ಸ್ಟುಡಿಯೋ ಒಪ್ಪಲಿಲ್ಲ, ಹಣ ವಾಪಸಾಯಿತು.

ಕೊನೆಯ ಕಂತಿನ ಬಗ್ಗೆ ಮಾತ್ರ ಪಕ್ಷ ಭೇದವೇ ಇಲ್ಲದಂತಾಗಿದೆ. ಆರ್ಚರನ ಬಳಗದ ಕೊನೆಯ ಯಾನವನ್ನು ‘ನೆಕ್ಸ್ಟ್ ಜನರೇಶನ್’ ಸರಣಿಯ, ಇಪ್ಪತ್ನಾಲ್ಕನೇ ಶತಮಾನದ ಅಧಿಕಾರಿ ವಿಲಿಯಂ ರೈಕರ್ ಹೊಲೋಡೆಕ್ ಎಂಬ ಕೃತಕ ದೃಶ್ಯಗಳ ಕೋಣೆಯಲ್ಲಿ ಆಟದಂತೆ ನೋಡುತ್ತಾನೆ, ಅದೂ ತನ್ನದೊಂದು ತೀರ್ಮಾನಕ್ಕೆ ದಾರಿ ಹುಡುಕಲು. ನಾಲ್ಕು ವರ್ಷ ಜೊತೆಗಿದ್ದವರು ತಮ್ಮ ಮನೆಯ ಮದುವೆಯಲ್ಲೇ ಅತಿಥಿಗಳಾದರು. ಟ್ರಿಪ್‌ನನ್ನು ಅವಸರದಲ್ಲಿ ಕೊಂದರು. ಗ್ರಹಗಳ ಒಕ್ಕೂಟ ಹುಟ್ಟುವ ದಿನ ಆರ್ಚರ್ ಮಾಡಬೇಕಾದ ಭಾಷಣ ಕೇಳುವ ಮೊದಲೇ ರೈಕರ್ ಕಾರ್ಯಕ್ರಮ ನಿಲ್ಲಿಸಿ ಎದ್ದು ಹೋಗುತ್ತಾನೆ. ಪೂರ್ವಕಥೆ ಯಾವ ದಿನಕ್ಕಾಗಿ ಇಷ್ಟು ದೂರ ನಡೆದಿತ್ತೋ ಆ ದಿನವನ್ನೇ ತೋರಿಸಲಿಲ್ಲ.

ಹೊಸದಾಗಿ ನೋಡುವವರು ಹೀಗೆ ನೋಡಬಹುದು. ‘ಬ್ರೋಕನ್ ಬೋ’, ಆಮೇಲೆ ‘ದಿ ಆಂಡೋರಿಯನ್ ಇನ್ಸಿಡೆಂಟ್’, ಎರಡನೇ ಸೀಸನ್‌ನಿಂದ ‘ಮೈನ್‌ಫೀಲ್ಡ್’, ‘ರೀಜನರೇಶನ್’, ‘ಕೊಜೆನಿಟರ್’. ಆ ಸೀಸನ್‌ನ ಕೊನೆಯ ‘ದಿ ಎಕ್ಸ್‌ಪಾನ್ಸ್’ನಿಂದ ಮೂರನೆಯದನ್ನು ಕ್ರಮವಾಗಿ ನೋಡಿ, ನಡುವೆ ಹಾರಿಸಿದರೆ ಎಳೆ ತಪ್ಪುತ್ತದೆ. ನಾಲ್ಕನೆಯದರ ಮೊದಲ ಎರಡು ಕಂತು, ನಾಜಿಗಳ ಜೊತೆ ಅನ್ಯಗ್ರಹದವರು ಸೇರುವ ಗೋಜಲು, ಬಿಟ್ಟರೂ ನಷ್ಟವಿಲ್ಲ. ‘ಟೆರಾ ಪ್ರೈಮ್’ ಮುಗಿದ ಕೂಡಲೇ ಟಿವಿ ಆರಿಸಿ. ಕೊನೆಯ ಕಂತು ಬಂದದ್ದೂ ಅದೇ ರಾತ್ರಿ, ಅದರ ಬೆನ್ನಿಗೇ. ಆದ್ದರಿಂದ ರಿಮೋಟ್ ಕೈಯಲ್ಲೇ ಇರಲಿ.

ನಮಸ್ಕಾರ.