ಹೊಳೆದಂಡೆಯ ದುರಸ್ತಿ ಚರಿತ್ರೆ

(ತುಂಗಭದ್ರಾ ನದಿ ನಡಿಗೆಯ ಮುನ್ನಾದಿನ ಹೊಸಪೇಟೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾಳೆಯ ನಡಿಗೆಗೆ ಹೆಸರು ಕೊಟ್ಟವರಲ್ಲಿ ಮುಕ್ಕಾಲು ಪಾಲು ಇದೇ ನೀರು ಕುಡಿದು ಬೆಳೆದವರು. ನಿಮ್ಮ ಮುಂದೆ ಗಂಗಾಮೂಲದಿಂದ ಶುರುಮಾಡಿ, ಕೂಡ್ಲಿಯಲ್ಲಿ ತುಂಗೆ ಭದ್ರೆಯರನ್ನು ಕೂಡಿಸಿ, ಹೊಸಪೇಟೆಗೆ ಬರುವಷ್ಟರಲ್ಲಿ ನಿಮ್ಮ ಊಟದ ಹೊತ್ತಾಗುತ್ತದೆ. ಆದ್ದರಿಂದ ನೇರವಾಗಿ ನನ್ನ ತಕರಾರಿಗೇ ಬರುತ್ತೇನೆ.

ತಕರಾರು ಇಷ್ಟೆ. ನಮ್ಮ ಚರಿತ್ರೆಯಲ್ಲಿ ಕಟ್ಟಿಸಿದವರಿಗೆ ಸಿಂಹಾಸನ ಇದೆ, ದುರಸ್ತಿ ಮಾಡಿದವರಿಗೆ ಕೂರಲು ಒಂದು ಮಣೆಯೂ ಇಲ್ಲ. ಹಂಪಿಗೆ ಬಂದವರು ಗೈಡನ್ನು ಕೇಳುವ ಮೊದಲ ಪ್ರಶ್ನೆ, "ಇದನ್ನ ಕಟ್ಟಿದ್ದು ಯಾರು?" ಕಾಲುವೆಯ ಹೂಳು ತೆಗೆದದ್ದು ಯಾರು ಅಂತ ಕೇಳಿದ ಪ್ರವಾಸಿಯನ್ನು ನಾನಂತೂ ಇನ್ನೂ ಕಂಡಿಲ್ಲ. ಆದರೆ ಈ ನದಿಯ ದಂಡೆಯಲ್ಲಿ ಇವತ್ತಿಗೂ ಜೀವಂತ ಇರುವುದೆಲ್ಲ ಉಳಿದಿರುವುದು ಆ ಎರಡನೆಯವರಿಂದ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲ? ಈ ಸಭೆಯಲ್ಲಿ ಅದನ್ನು ಕೇಳುವುದೇ ತಪ್ಪು, ಅವತ್ತು ಊರಲ್ಲಿ ಯಾರು ನಿದ್ದೆ ಮಾಡಿದ್ದರು! ನಮ್ಮ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ಆ ಒಂದರ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ಬಾಯಿ ಮುಚ್ಚಿದರು. 1953ರಲ್ಲಿ ಮುಗಿದ ಅಣೆಕಟ್ಟು ಅದು, ಗೇಟಿಗೂ ವಯಸ್ಸಾಗುತ್ತದೆ. ಆ ವಾರ ಕೆಳದಂಡೆಯ ರೈತರಿಗೆ ಬೇಕಾಗಿದ್ದವರು ಶಂಕುಸ್ಥಾಪನೆ ಮಾಡಿದವರಲ್ಲ, ವೆಲ್ಡಿಂಗ್ ಮಾಡುವವರು, ಕ್ರೇನ್ ನಡೆಸುವವರು.

ಈಗ ಸ್ವಲ್ಪ ಮೇಲಕ್ಕೆ, ಹರಿಹರಕ್ಕೆ ಹೋಗೋಣ. ಅಲ್ಲಿ ತುಂಗಭದ್ರೆಗೆ ಹರಿದ್ರಾ ಎಂಬ ಪುಟ್ಟ ಹೊಳೆ ಸೇರುತ್ತದೆ. 1410ರಲ್ಲಿ, ಒಂದನೆಯ ದೇವರಾಯನ ಕಾಲದಲ್ಲಿ, ಅದಕ್ಕೆ ಒಂದು ಅಣೆ ಕಟ್ಟಿ ಕಾಲುವೆ ತಂದರು. ನೀರು ಹರಿದ ಭೂಮಿಯಲ್ಲಿ ದೇವರಿಗೆಷ್ಟು, ಬ್ರಾಹ್ಮಣರಿಗೆಷ್ಟು ಅಂತ ಶಾಸನ ಹಾಕಿಸಿದರು. 1424ರ ಹೊತ್ತಿಗೆ ಆ ಅಣೆ ಒಡೆದಿತ್ತು! ಚಾಮನೃಪಾಲ ಎಂಬ ದಂಡನಾಯಕ ಹಣ ಕೊಟ್ಟು ಅದನ್ನು ಸರಿಮಾಡಿಸಿದ. ಅದಕ್ಕೂ ಒಂದು ಶಾಸನ ಇದೆ. ದುರಸ್ತಿಗೆ ಹಾಕಿಸಿದ ಶಾಸನ, ನೋಡಿ! ಈ ನದೀಬಯಲಿನಲ್ಲಿ ನನಗೆ ಬಹಳ ಇಷ್ಟವಾದ ಕಲ್ಲು ಅದು. 1424, 2024, ಸರಿಯಾಗಿ ಆರುನೂರು ವರ್ಷ. ಇದು ಬರೀ ಕಾಕತಾಳೀಯ, ದಯವಿಟ್ಟು ಯಾರೂ ವಾಟ್ಸ್ಆ್ಯಪ್‌ಗೆ ಹಾಕಬೇಡಿ.

ನಾಳೆ ನಾವು ನೋಡುವ, 'ತುರ್ತು' ಎಂಬ ಹೆಸರಿನ ವಿಜಯನಗರ ಕಾಲದ ಕಾಲುವೆಯ ಅಣೆಯೂ ಇದೇ ಜಾತಿಯದು. ಎತ್ತರದ ಗೋಡೆ ಹುಡುಕಬೇಡಿ, ನಿರಾಶೆಯಾಗುತ್ತದೆ. ಹೊಳೆಯಲ್ಲೇ ಇದ್ದ ಬಂಡೆಗಳನ್ನು ಆಸರೆ ಮಾಡಿಕೊಂಡು, ನಡುವಿನ ಸಂದುಗಳಿಗೆ ದೊಡ್ಡ ಕಲ್ಲು ಪೇರಿಸಿದ್ದಾರೆ. ಅಣೆ ಬಂಡೆ ಇದ್ದ ಕಡೆ ಅಂಕುಡೊಂಕಾಗಿ ಹೋಗುತ್ತದೆ. ಬೇಕಾದಷ್ಟು ನೀರು ಕಾಲುವೆಗೆ ತಿರುಗುತ್ತದೆ, ಮಿಕ್ಕಿದ್ದು ಮೇಲಿಂದಲೂ ಸಂದಿಯಿಂದಲೂ ಹೊಳೆಗೇ ಹೋಗುತ್ತದೆ. ಪ್ರವಾಹ ಬಂದರೆ ನಾಲ್ಕು ಕಲ್ಲು ಉರುಳುತ್ತವೆ, ಮತ್ತೆ ಇಡಬೇಕು. ಅಂದರೆ ಕಟ್ಟುವಾಗಲೇ ದುರಸ್ತಿ ಲೆಕ್ಕದಲ್ಲಿತ್ತು. ಹಂಪಿಯ ಬಾಳೆತೋಟಗಳಿಗೆ ಇವತ್ತಿಗೂ ನೀರು ಕೊಡುವುದು ಆ ಕಾಲುವೆಯೇ. ವಿಜಯನಗರದ ಅರಮನೆಗಳ ಅಡಿಪಾಯ ಮಾತ್ರ ಉಳಿದಿದೆ, ಕಾಲುವೆಗೆ ಮಾತ್ರ ಇನ್ನೂ ಕೆಲಸ ಇದೆ.

ಇಲ್ಲೊಂದು ಕಥೆ ಹೇಳಲೇಬೇಕು. ನನ್ನ ಜೊತೆ ಮೊದಲೇ ತಿರುಗಾಡಿದವರು ಕೇಳಿರುತ್ತೀರಿ, ಕ್ಷಮಿಸಿ. ಆನೆಗೊಂದಿ ದಂಡೆಯಲ್ಲಿ ಒಬ್ಬ ಹಿರಿಯರು ಹರಿಗೋಲನ್ನು ಬೋರಲು ಹಾಕಿಕೊಂಡು ಡಾಂಬರು ಬಳಿಯುತ್ತಿದ್ದರು. ಬಿದಿರಿನ ಹೆಣಿಗೆ, ಮೇಲೆ ಗೊಬ್ಬರದ ಚೀಲದ ಹೊದಿಕೆ. ನಾನು ಹೋಗಿ ಪಂಡಿತನ ಗತ್ತಿನಲ್ಲಿ, "ಅಜ್ಜಾ, ಐನೂರು ವರ್ಷದ ಹಿಂದೆ ಪೋರ್ಚುಗಲ್‌ನ ಪಾಯೆಸ್ ಅನ್ನೋನು ನಿಮ್ಮ ಹರಿಗೋಲಿನ ಬಗ್ಗೆ ಬರದಾನ, ಗೊತ್ತೇನು?" ಅಂದೆ. ಪಾಯೆಸ್ ಬರೆದದ್ದು ನಿಜ. ಬುಟ್ಟಿಯಂತೆ ದುಂಡನೆಯ ದೋಣಿ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಅಂತ.

ಅಜ್ಜ ತಲೆ ಎತ್ತಲಿಲ್ಲ. "ಅಂವ ದಾಟಿದನೇನ್ರಿ?" ಅಂದ. ದಾಟಿರಬೇಕು ಅಂದೆ. "ಹಂಗಾರ ಆ ವರ್ಷಾನೂ ಯಾರೋ ತೊಗಲಿಗೆ ಎಣ್ಣಿ ಹಚ್ಚಿದ್ರು ಬಿಡ್ರಿ."

ನಾನು ಸುಮ್ಮನಾಗದೆ, "ಇದು ಎಷ್ಟು ಹಳೇದು?" ಅಂತ ಕೇಳಿದೆ. "ಬಿದಿರು ಹ್ವಾದ ವರ್ಷದ್ದು, ಚೀಲ ಈ ವರ್ಷದ್ದು, ಡಾಂಬರು ಇವತ್ತಿಂದು. ಎಷ್ಟು ಹಳೇದು ಅಂತ ನೀವ ಹೇಳ್ರಿ, ಓದಿದವ್ರು." ಆಮೇಲೆ, ಹತ್ತುತ್ತೀರೇನು ಅಂತ ಕೇಳಿದ. ಡಾಂಬರು ಇನ್ನೂ ಹಸಿ ಇತ್ತು. ನಾಳೆ ಬರ್ತೀನಿ ಅಂದೆ. "ಹೂಂ, ಬರೆಯೋರೆಲ್ಲ ಹಂಗ ಅಂತಾರ" ಅಂದ. ಅದೇ ಅಜ್ಜ ಹರಿದ ಬಲೆಯೊಂದನ್ನು ತೋರಿಸಿ ನೀರುನಾಯಿಗಳನ್ನು ಬಾಯ್ತುಂಬ ಬೈದ. ಬೈದು ಮುಗಿಸಿ, ಅವು ಯಾವ ಬಂಡೆಯ ಸಂದಿಯಲ್ಲಿ ಮರಿ ಹಾಕಿವೆ ಅಂತಲೂ ಹೇಳಿದ. ಯಾರಿಗೂ ಹೇಳಬೇಡಿ ಅಂದಿದ್ದಾನೆ, ಹಾಗಾಗಿ ನಿಮಗೂ ಹೇಳುವುದಿಲ್ಲ.

ನೀರುನಾಯಿಯ ಮಾತು ಬಂತು. ಜಲಾಶಯದಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಹಳೆಯ ಅಣೆಗಳಿರುವುದೂ ಇದೇ ಹರವಿನಲ್ಲಿ. ತಗ್ಗಿನ ಅಣೆಯನ್ನು ಮೀನು ದಾಟುತ್ತದೆ, ಮೀನಿನ ಹಿಂದೆ ನೀರುನಾಯಿ ದಾಟುತ್ತದೆ. ಬಂಡೆಗಳ ಸಂದಿ ಅದಕ್ಕೆ ಮನೆ. ದಂಡೆಯ ಕಲ್ಲಿನ ಮೇಲೆ ಮೀನಿನ ಹುರುಪೆ ತುಂಬಿದ, ಮೂಗು ಮುಚ್ಚಿಕೊಳ್ಳುವಂಥ ಹಿಕ್ಕೆ ಕಂಡರೆ ಹಿಗ್ಗಬೇಕು, ಸಂಸಾರ ಹತ್ತಿರದಲ್ಲೇ ಇದೆ. ಮರಳು ಎತ್ತುವ ಕಡೆ, ಸಿಡಿಮದ್ದು ಹಾಕಿ ಮೀನು ಹಿಡಿಯುವ ಕಡೆ ಅವು ನಿಲ್ಲುವುದಿಲ್ಲ. ಈ ಹಾನಿಗೆ ದುರಸ್ತಿ ಯಾರು ಮಾಡಬೇಕು? ನನ್ನ ಹಳೇ ರಾಗ, ಗೊತ್ತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ಬಗ್ಗೆ ಹೇಳಬೇಕಿತ್ತು, ಬಿಡುತ್ತೇನೆ. ನವಬೃಂದಾವನ ನಡುಗಡ್ಡೆಯಲ್ಲಿ ವ್ಯಾಸತೀರ್ಥರೂ ಸೇರಿ ಒಂಬತ್ತು ಯತಿಗಳ ಬೃಂದಾವನಗಳಿವೆ, ನೀರು ಹೆಚ್ಚಿದ್ದರೆ ಈ ದಂಡೆಯಿಂದಲೇ ಕೈಮುಗಿಯೋಣ. ಪುರಂದರ ಮಂಟಪದ ಹತ್ತಿರ ಹೊಳೆಯಲ್ಲಿ ಸಾಲಾಗಿ ನಿಂತ ಕಲ್ಲಿನ ಕಂಬಗಳು ವಿಜಯನಗರದ ಸೇತುವೆಯವು, ಅಲ್ಲಿ ಐದು ನಿಮಿಷ ನಿಲ್ಲುತ್ತೇವೆ. ಹೂಳಿನ ಬಗ್ಗೆ ಒಂದೇ ಮಾತು: ಜಲಾಶಯ ಕಟ್ಟಿದಾಗ 133 ಟಿಎಂಸಿ, ಈಗ 105ರ ಆಸುಪಾಸು. ಹೊಸ ಅಣೆಕಟ್ಟಿನ ಮಾತು ಎತ್ತುವವರು ಈ 28 ಟಿಎಂಸಿ ಎಲ್ಲಿ ಹೋಯಿತು ಅಂತ ಮೊದಲು ಹೇಳಲಿ.

ನಾಳೆ ಬೆಳಿಗ್ಗೆ ಆರಕ್ಕೆ ಸರಿಯಾಗಿ ಹೊರಡುತ್ತೇವೆ, ಆರೂವರೆಗೆ ಬಂದವರು ನಮ್ಮ ಬೆನ್ನು ನೋಡುತ್ತಾರೆ. ಚಪ್ಪಲಿ ಬೇಡ, ಬಂಡೆ ಮೇಲೆ ಪಾಚಿ ಇದೆ. ನೀರಿಗೆ ಇಳಿಯಬೇಡಿ, ಈ ಹೊಳೆಯಲ್ಲಿ ಮೊಸಳೆ ಇರುವುದು ನಿಜ. ಕಾಲುವೆ ಮೇಲೆ ನೀರು ಬಿಡುವವರು ಸಿಕ್ಕರೆ ಫೋಟೋ ತೆಗೆಯುವ ಮೊದಲು ಮಾತಾಡಿಸಿ, ಕಳೆದ ಮಳೆಗಾಲದಲ್ಲಿ ಎಲ್ಲೆಲ್ಲಿ ಕಿತ್ತುಹೋಗಿತ್ತು ಅಂತ ಕೇಳಿ. ಪ್ರಶ್ನೆಗಳಿದ್ದರೆ ಈಗ ಬೇಡ, ಹೊರಗೆ ಚಹಾ ಬಂದಿದೆ.