ಸ್ವಿಚ್ಚು ಬಿಚ್ಚುವ ಮೊದಲು ಮೀಟರ್ ಇಡಿ

ನಮಸ್ಕಾರ. ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ರಾತ್ರಿ ಮಳೆಯಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು, ಆ ತಿರುವುಗಳಲ್ಲಿ ಹೆಡ್‌ಲೈಟ್ ಮಂಕಾದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ. ಕಳೆದ ಮಳೆಗಾಲದಲ್ಲಿ ನನ್ನ ಹಳೇ ಜೀಪಿಗೆ ಅದೇ ಆಯಿತು. ಎರಡೂ ಲೈಟು ಹಳದಿಗೆ ತಿರುಗಿದವು. ಹತ್ತು ಮಾರು ಆಚೆ ಏನೂ ಕಾಣಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳಿದ್ದಳು.

ಮಾರನೇ ದಿನ ಒಂದು ಗ್ಯಾರೇಜಿಗೆ ಹೋದೆ. ಅವರು ಬಲ್ಬಿಗೆ ವಯರು ಸಿಕ್ಕಿಸುವ ಕಪ್ಲರ್ ಎಳೆದು, ಅದರೊಳಗೆ ಮೀಟರಿನ ಕಡ್ಡಿ ಇಟ್ಟರು. 12.4 ವೋಲ್ಟ್. "ವಯರಿಂಗ್ ಸರಿ ಉಂಟು, ಸ್ವಿಚ್ಚಿನ ಪಾಯಿಂಟ್ ಸುಟ್ಟಿರಬೇಕು" ಅಂದರು. ಹೊಸ ಸ್ವಿಚ್ಚು ಹಾಕಿಸಿದೆ. ಲೈಟು ಹಾಗೇ ಇತ್ತು. ಆ ಸ್ವಿಚ್ಚೇ ಸರಿಯಿಲ್ಲ ಅಂತ ಇನ್ನೊಂದು ಹಾಕಿದರು. ಅದೂ ಅಷ್ಟೇ.

ತಪ್ಪಿದ್ದು ಎಲ್ಲಿ ಗೊತ್ತಾ? ಬಲ್ಬು ಕಳಚಿಟ್ಟು ಅಳೆದದ್ದರಲ್ಲಿ. ತೋಟದ ಸ್ಪ್ರಿಂಕ್ಲರ್ ಪೈಪು ನೆನಪು ಮಾಡಿಕೊಳ್ಳಿ. ಪೈಪಿನೊಳಗೆ ಕಸ ಕಟ್ಟಿದ್ದರೂ ಜೆಟ್ ಮುಚ್ಚಿದ್ದಾಗ ತುದಿಯಲ್ಲಿ ಪ್ರೆಶರ್ ಪೂರ್ತಿ ಇರುತ್ತದೆ. ಜೆಟ್ ಬಿಟ್ಟ ಕೂಡಲೇ ನೀರು ಸೊರಗುತ್ತದೆ. ಕರೆಂಟೂ ಹಾಗೆಯೇ. ಮೀಟರ್ ಎಳೆದುಕೊಳ್ಳುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ವಯರಿನ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸಿಬಿಡುತ್ತದೆ. 55 ವ್ಯಾಟಿನ ಎರಡು ಬಲ್ಬಿಗೆ ಬೇಕಾದದ್ದು ಸುಮಾರು 9 ಆಂಪಿಯರ್.

ಕೊನೆಗೆ ಕುಂಬಳೆ ಕಡೆಯ ಒಬ್ಬರು ಹಳೇ ವಯರಿಂಗ್ ಕೆಲಸದವರಿಗೆ ತೋರಿಸಿದೆ. ಅವರು ಏನನ್ನೂ ಬಿಚ್ಚಲಿಲ್ಲ. "ಲೈಟು ಹಾಕಿ ಅಣ್ಣಾ, ಆಫ್ ಮಾಡ್ಬೇಡಿ" ಅಂದರು. ಲೈಟು ಉರಿಯುತ್ತಿರುವಾಗಲೇ ಸ್ವಿಚ್ಚಿನ ಒಳಬರುವ ವಯರಿಗೆ ಒಂದು ಕಡ್ಡಿ, ಹೊರಹೋಗುವ ವಯರಿಗೆ ಇನ್ನೊಂದು ಇಟ್ಟರು. 0.1 ವೋಲ್ಟ್. ಎರಡು ಕಡ್ಡಿಗಳ ನಡುವೆ ಕಳೆದುಹೋಗುವುದನ್ನೇ ಮೀಟರ್ ತೋರಿಸುವುದು, ಅಂದರೆ ಸ್ವಿಚ್ಚು ಏನನ್ನೂ ತಿನ್ನುತ್ತಿಲ್ಲ. ಆಮೇಲೆ ಬಲ್ಬಿನ ಅರ್ಥ್ ಪಿನ್ನಿಗೆ, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ಕಡೆಗೆ ಒಂದು, ಬ್ಯಾಟರಿಯ ಮೈನಸ್ಸಿಗೆ ಒಂದು. 2.1 ವೋಲ್ಟ್! ಅಲ್ಲಿ ಸೊನ್ನೆಯ ಆಸುಪಾಸು ಇರಬೇಕಿತ್ತು. ಬಲ್ಬಿಗೆ ಸಿಗುತ್ತಿದ್ದದ್ದು ಬರೀ 10. ವೋಲ್ಟೇಜ್ ಅಷ್ಟು ಇಳಿದರೆ ಬೆಳಕು ಸುಮಾರು ಅರ್ಧಕ್ಕೆ ಬರುತ್ತದೆ.

ಮಡ್‌ಗಾರ್ಡಿನ ಒಳಗೆ, ಅರ್ಥ್ ವಯರು ಕೂರುವ ಬೋಲ್ಟು ಮುಟ್ಟಿ ನೋಡಿ ಅಂದರು. ಬಿಸಿಯಿತ್ತು. ಬಿಚ್ಚಿದಾಗ ಕಂಡದ್ದು, ತಾಮ್ರದ ಮೇಲೆ ಹಸಿರು ಕಿಲುಬು, ಕಬ್ಬಿಣದ ಮೇಲೆ ಪುಡಿ ಪುಡಿ ತುಕ್ಕು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಅಲ್ವಾ. ಸ್ಯಾಂಡ್‌ಪೇಪರಿನಿಂದ ಉಜ್ಜಿ, ವಯರಿಗೆ ಹೊಸ ತುದಿ ಒತ್ತಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿದರು. ಇಪ್ಪತ್ತು ನಿಮಿಷದ ಕೆಲಸ.

ಸ್ವಿಚ್ಚು ಹಾಳಾಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ರಿಲೇ (ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಡಬ್ಬಿ) ಇಲ್ಲದ ಹಳೇ ಗಾಡಿಗೆ 100 ವ್ಯಾಟಿನ ಬಲ್ಬು ಹಾಕಿದರೆ ಅಷ್ಟೂ ಕರೆಂಟು ಸ್ವಿಚ್ಚಿನ ಮೂಲಕವೇ ಹೋಗಬೇಕು, ಪಾಯಿಂಟ್ ಸುಡುತ್ತದೆ. ಅಂಥಲ್ಲಿ ಉರಿಯುವಾಗ ಅಳೆದರೆ ಸ್ವಿಚ್ಚಿನಲ್ಲೇ ಅರ್ಧ, ಒಂದು ವೋಲ್ಟ್ ಕಾಣಿಸುತ್ತದೆ. ಆಗ ಖಂಡಿತ ಬದಲಿಸಿ, ಜೊತೆಗೆ ಒಂದು ರಿಲೇ ಹಾಕಿಸಿ. ರಿಲೇಯ ಪಿನ್ನುಗಳ ಮೇಲೆ ನಂಬರು ಇರುತ್ತದೆ: 85, 86ರ ನಡುವೆ ಹರಿಯುವ ಚೂರು ಕರೆಂಟು ಮಾತ್ರ ಸ್ವಿಚ್ಚಿಗೆ, ದೊಡ್ಡದು 30ರಿಂದ 87ಕ್ಕೆ.

ಒಂದನ್ನು ಮಾತ್ರ ಯಾರೂ ಮಾಡಬೇಡಿ. ಫ್ಯೂಸು ಪದೇ ಪದೇ ಹೋಗುತ್ತದೆ ಅಂತ 10 ಆಂಪಿಯರಿನ ಕೆಂಪು ಫ್ಯೂಸಿನ ಜಾಗದಲ್ಲಿ 30ರ ಹಸಿರು ಫ್ಯೂಸು ತುರುಕುವುದು. ಆಮೇಲೆ ಸುಡುವುದು ವಯರು, ಅದರ ಜೊತೆಗೆ ಗಾಡಿ.

ಗ್ಯಾರೇಜಿನಲ್ಲಿ ಯಾರಾದರೂ ಸ್ವಿಚ್ಚು ಹೋಗಿದೆ ಅಂದರೆ, ಲೈಟು ಉರಿಯುವಾಗ ಅದರ ಎರಡು ತುದಿ ಅಳೆದು ತೋರಿಸಿ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಎರಡೇ ನಿಮಿಷ ಸಾಕು. ನನ್ನ ಜೀಪಿನಿಂದ ಮೊದಲು ತೆಗೆದ ಹಳೇ ಸ್ವಿಚ್ಚನ್ನು ಮೊನ್ನೆ ಹಾಗೆಯೇ ಅಳೆದು ನೋಡಿದೆ. ಅದೂ 0.1. ಈಗ ಜೀಪಿನಲ್ಲಿ ಇರುವುದು ಅದೇ.